ಎದೆ ಒಣಗುವವರೆಗೂ ಅಟ್ರೋಪಿನ್

ಕಾಫಿ ತೋಟಗಳ ನಡುವೆ, ಚಿಕ್ಕಮಗಳೂರು ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಡಾಕ್ಟರ್. ನವೆಂಬರ್ ತಿಂಗಳ ಒಂದು ಸಂಜೆ ಜೀಪಿನಲ್ಲಿ ಸುಮಾರು ನಲವತ್ತು ವರ್ಷದ ಒಬ್ಬರನ್ನು ಕರೆತಂದರು. ಜೊತೆಗೆ ಬಂದ, ತೋಟದ ಲೆಕ್ಕ ಬರೆಯುವ ರೈಟರ್, "ಕುಡಿದಿದಾನೆ ಅನ್ಸುತ್ತೆ ಸರ್" ಎಂದರು. ಹೆಂಡತಿ ಅಳುತ್ತಲೇ, "ಇಲ್ಲ ಸರ್, ಇವ್ರು ಕುಡಿಯಲ್ಲ, ಬೆಳಗ್ಗಿಂದ ಔಷಧಿ ಹೊಡೀತಿದ್ರು" ಎಂದರು. ಆ ಒಂದು ಮಾತು ಸಾಕಾಯಿತು.

ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬೀಳುವ ಕಾಲ ಅದು. ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಹೊಡೆಯುತ್ತಾರೆ. ಬೆನ್ನಿನ ಪಂಪು ಸೋರಿ ಅವರ ಅಂಗಿ ಪೂರ್ತಿ ಒದ್ದೆಯಾಗಿತ್ತು, ಅದರಲ್ಲೇ ಸಂಜೆವರೆಗೂ ಕೆಲಸ ಮಾಡಿದ್ದರು. ಈ ವಿಷ ಕುಡಿಯಲೇಬೇಕೆಂದಿಲ್ಲ, ಚರ್ಮದಿಂದಲೂ ಒಳಗೆ ಹೋಗುತ್ತದೆ.

ಟಾರ್ಚ್ ಬಿಟ್ಟು ನೋಡಿದರೆ ಕಣ್ಣಪಾಪೆ ಸೂಜಿಮೊನೆಯಷ್ಟು. ಕುಡಿದವರಿಗೆ ಹೀಗಾಗುವುದಿಲ್ಲ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ನಾಡಿ 48, ಮೀನಖಂಡದಲ್ಲಿ ಚರ್ಮದಡಿ ಹುಳ ಹರಿದ ಹಾಗೆ ಮಾಂಸ ಅದುರುತ್ತಿತ್ತು. ಎಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಎದೆಯ ಗೊರಗೊರ ಶಬ್ದ. ನರ ಮತ್ತು ಮಾಂಸದ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೆಲಸ ಮುಗಿದ ಮೇಲೆ ಕರಗಬೇಕು. ಈ ವಿಷ ಅದನ್ನು ಕರಗಿಸುವ ಕಿಣ್ವವನ್ನೇ ಹಿಡಿದುಬಿಡುತ್ತದೆ. ಆಗ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ರೋಗಿ ಒಣ ನೆಲದ ಮೇಲೆ ಮಲಗಿಯೇ ಮುಳುಗುತ್ತಾನೆ.

ನಮ್ಮ ಸಿಸ್ಟರ್ ಗ್ಲೌಸ್ ಹಾಕಿಕೊಂಡು ಬಟ್ಟೆಯನ್ನೆಲ್ಲ ಕತ್ತರಿಸಿ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದರು. ಆಮೇಲೆ ಸೋಪು ನೀರಲ್ಲಿ ಕೂದಲು, ಉಗುರು, ಬೆನ್ನು ಎಲ್ಲ ತೊಳೆದೆವು. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ಎಂಬ ವಿಷಾನಿಲ ಬಿಟ್ಟಾಗ, ರೋಗಿಗಳ ಬಟ್ಟೆಯಿಂದ ಬಂದ ಆವಿಗೆ ಆಸ್ಪತ್ರೆಯವರಿಗೂ ಕಣ್ಣು ಮಂಜಾಗಿತ್ತು. ಸಾರಿನ್ ಕೂಡ ಇದೇ ಕುಲದ ವಿಷ, ತೀವ್ರತೆ ಮಾತ್ರ ತುಂಬಾ ಜಾಸ್ತಿ.

ತೊಳೆಯುವುದು ಮುಗಿಯಲಿ ಎಂದು ಕಾಯಲಿಲ್ಲ. ಆಮ್ಲಜನಕ ಹಾಕಿ, ಗಂಟಲಿನ ನೀರು ಎಳೆಯುತ್ತಾ, ಅಸಿಟೈಲ್‌ಕೋಲಿನ್‌ನ ಕೆಲಸ ತಡೆದು ಎದೆ ಒಣಗಿಸುವ ಮದ್ದು ಅಟ್ರೋಪಿನ್ ಶುರು ಮಾಡಿದೆವು. ನಮ್ಮಲ್ಲಿ ಸಿಗುವ ಆಂಪುಲ್ 0.6 ಮಿಲಿಗ್ರಾಂ. ಮೊದಲು ಮೂರು. ಐದು ನಿಮಿಷ ಬಿಟ್ಟು ಎದೆ ಕೇಳಿದೆ, ಹಾಗೇ ಇದೆ. ಆರು ಕೊಟ್ಟೆ. ಅಷ್ಟರಲ್ಲಿ ಸಿಸ್ಟರ್, "ಸರ್, ಪಲ್ಸ್ 120 ಆಯ್ತು, ನಿಲ್ಲಿಸೋಣ್ವಾ?" ಎಂದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೀಗೇ ನಾಡಿ ನೋಡಿ ಹೆದರಿ ನಿಲ್ಲಿಸಿದ್ದೆ, ಆ ರೋಗಿ ಉಳಿಯಲಿಲ್ಲ. ಈ ಸಲ ಸ್ಟೆತಸ್ಕೋಪ್ ಎದೆಯಿಂದ ತೆಗೆಯಲಿಲ್ಲ. ಗೊರಗೊರ ಇನ್ನೂ ಇತ್ತು. ಹನ್ನೆರಡು ಕೊಟ್ಟೆವು. ಆಮೇಲೆ ಎದೆ ತಿಳಿಯಾಯಿತು, ಕಂಕುಳು ಒಣಗಿತು, ಬಿಪಿ ಏರಿತು. ಕಣ್ಣಪಾಪೆ ದೊಡ್ಡದಾಗಲು ತಡವಾಗಬಹುದು, ಅದನ್ನು ಕಾಯಬಾರದು. ಕೊಟ್ಟ ಒಟ್ಟು ಅಟ್ರೋಪಿನ್‌ನ ಶೇ. 10ರಿಂದ 20ರಷ್ಟನ್ನು ಗಂಟೆಗೆ ಡ್ರಿಪ್‌ನಲ್ಲಿ ಮುಂದುವರಿಸಬೇಕು. ಜ್ವರ, ಬಡಬಡಿಕೆ, ಹೊಟ್ಟೆಯ ಶಬ್ದ ನಿಂತುಹೋಗುವುದು ಕಂಡರೆ ಅಟ್ರೋಪಿನ್ ಜಾಸ್ತಿಯಾಗಿದೆ ಎಂದರ್ಥ. ಆಗ ಸ್ವಲ್ಪ ಹೊತ್ತು ನಿಲ್ಲಿಸಿ, ಕಡಿಮೆ ಮಾಡಿ ಮತ್ತೆ ಶುರು ಮಾಡಬೇಕು.

ಆ ಕಿಣ್ವವನ್ನು ವಿಷದ ಹಿಡಿತದಿಂದ ಬಿಡಿಸುವ ಪ್ರಾಲಿಡಾಕ್ಸಿಮ್ ಅನ್ನೂ ಕೊಟ್ಟೆವು, ನಿಧಾನವಾಗಿ, ಅರ್ಧ ಗಂಟೆಯಲ್ಲಿ. ಅದರ ಉಪಯೋಗದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಆದರೆ ಕೊಡುವುದಾದರೆ ಬೇಗ ಕೊಡಬೇಕು.

ದಾರಿಯಲ್ಲಿ ಯಾರೋ ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಲು ಹೋದಾಗ ಹೆಂಡತಿ ತಡೆದರಂತೆ. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅರೆಪ್ರಜ್ಞೆಯಲ್ಲಿ ವಾಂತಿಯಾದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ರೈಟರ್ ಆ ರಾತ್ರಿಯೇ ತೋಟಕ್ಕೆ ವಾಪಸ್ ಹೋಗಿ ಖಾಲಿ ಬಾಟಲಿ ತಂದುಕೊಟ್ಟರು, ಅದು ದೊಡ್ಡ ಉಪಕಾರ. ಎಲ್ಲ ಕೀಟನಾಶಕವೂ ಈ ಜಾತಿಯದ್ದಲ್ಲ, ಲೇಬಲ್ ನೋಡಿದರೆ ಮಾತ್ರ ಖಚಿತ.

ಮರುದಿನ ರೋಗಿ ಮಾತಾಡಿದರು, ಕಾಫಿ ಕೇಳಿದರು. ಮನೆಯವರಿಗೆ ಎಲ್ಲ ಮುಗಿಯಿತು ಎಂಬ ಸಮಾಧಾನ. ಆದರೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ, ಉಸಿರಾಟದ ಸ್ನಾಯು ಸೋಲಬಹುದು, ಅದಕ್ಕೆ ಅಟ್ರೋಪಿನ್ ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ರತಿ ಪಾಳಿಯಲ್ಲೂ "ದಿಂಬಿನಿಂದ ತಲೆ ಎತ್ತಿ" ಎಂದು ಕೇಳುತ್ತಿದ್ದೆವು. ಎರಡನೇ ರಾತ್ರಿ ಎತ್ತಲಾಗಲಿಲ್ಲ. ಉಸಿರಿನ ನಾಳಕ್ಕೆ ಟ್ಯೂಬ್ ಹಾಕಿ, ಗಾಳಿ ತುಂಬುವ ಬ್ಯಾಗ್ ಒತ್ತುತ್ತಾ 108ರಲ್ಲಿ ಬೇಲೂರು ದಾಟಿ ಹಾಸನಕ್ಕೆ ಕಳಿಸಿದೆವು. ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದರು.

ತಿಂಗಳಾದ ಮೇಲೆ ಇಬ್ಬರೂ ನಡೆದುಕೊಂಡೇ ಬಂದರು. ಪಂಪಿನ ವಾಷರ್ ಬದಲಾಯಿಸಿದರಾ ಎಂದು ಕೇಳಿದೆ. "ಪಂಪೇ ಹೊಸ್ದು ಕೊಡ್ಸಿದಾರೆ ಸರ್, ಆದ್ರೆ ಇವ್ರನ್ನ ನಾನು ಔಷಧಿ ಹೊಡಿಯೋಕೆ ಕಳ್ಸಲ್ಲ" ಎಂದರು ಹೆಂಡತಿ.