ಐರಿಶ್ ಆನಲ್ಸ್‌ನಲ್ಲಿ ಪಿಡುಗು ಮತ್ತು ಕುಲಕಲಹ: ಓದುವ ಕ್ರಮ

ಮಧ್ಯಯುಗದ ಐರ್ಲೆಂಡಿನಲ್ಲಿ ಪಿಡುಗು ಬಂದಾಗ ಕುಲಗಳ ಕಾಳಗ ಹೆಚ್ಚಿತೋ ತಗ್ಗಿತೋ ಎಂದು ನೋಡಬೇಕಾದರೆ ಆನಲ್ಸ್‌ಗೇ ಹೋಗಬೇಕು. ಮೊದಲು ಮಠಗಳಲ್ಲಿ, ಆಮೇಲೆ ಪಾಂಡಿತ್ಯವನ್ನೇ ಕಸುಬಾಗಿಸಿಕೊಂಡ ಮನೆತನಗಳಲ್ಲಿ ವರ್ಷವಾರು ಬರೆದಿಟ್ಟ ಚುಟುಕು ದಾಖಲೆಗಳಿವು. ಮುಖ್ಯವಾದವುಗಳ ಮೂಲಪಾಠವೂ ಇಂಗ್ಲಿಷ್ ಅನುವಾದವೂ ಕಾರ್ಕ್ ವಿಶ್ವವಿದ್ಯಾಲಯದ ‘ಸೆಲ್ಟ್’ ಜಾಲತಾಣದಲ್ಲಿವೆ.

ಮೊದಲ ಕೆಲಸ ಇಸವಿ ಸರಿಮಾಡುವುದು. ಅಲ್ಸ್ಟರ್ ಆನಲ್ಸ್‌ನ ಹಸ್ತಪ್ರತಿಯಲ್ಲಿ 486ರಿಂದ 1013ರವರೆಗಿನ ಇಸವಿ ಒಂದು ವರ್ಷ ಹಿಂದಿದೆ, ಒಂದು ಕೂಡಿಸಬೇಕು. ಇದನ್ನು ಗ್ರಹಣದಿಂದ ತಾಳೆ ನೋಡಬಹುದು. ಹಸ್ತಪ್ರತಿ 663 ಎನ್ನುವ ವರ್ಷದಡಿ ಮೇ 1ರಂದು ಕತ್ತಲು ಕವಿಯಿತೆಂದಿದೆ. ಆ ಸೂರ್ಯಗ್ರಹಣ ಆದದ್ದು 664ರ ಮೇ 1ರಂದು. ಅದೇ ಆಗಸ್ಟ್ 1ಕ್ಕೆ ಪಿಡುಗು ಐರ್ಲೆಂಡ್ ಮುಟ್ಟಿತೆಂಬ ಸಾಲೂ ಅಲ್ಲೇ ಇದೆ. ಈಚಿನ ಮುದ್ರಿತ ಆವೃತ್ತಿಯಲ್ಲಿ ಸಂಪಾದಕರು ಆಗಲೇ ಒಂದು ಕೂಡಿಸಿರುತ್ತಾರೆ. ಮತ್ತೆ ಕೂಡಿಸಿದರೆ 665 ಆಗುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಆಮೇಲೆ ಪದಗಳು. 540ರ ದಶಕದ ‘ಬ್ಲೆಫೆದ್’ ಆಗಲಿ, 664ರ ಪಿಡುಗಿಗೆ ಅಂಟಿದ ‘ಬುಯ್ದೆ ಖೊನಲ್’ ಆಗಲಿ ರೋಗನಿರ್ಣಯವಲ್ಲ. ಎರಡನೆಯದರಲ್ಲಿ ಹಳದಿ ಎಂಬ ಅರ್ಥದ ಪದವಿದೆ, ಅಷ್ಟೇ. ನೀವು ಮಾಡಿಕೊಳ್ಳುವ ಪಟ್ಟಿಯಲ್ಲಿ ‘ಪ್ಲೇಗ್’ ಎಂದು ಅನುವಾದಿಸದೆ ಮೂಲಪದವನ್ನೇ ಇಡಿ. ‘ಬೋ-ದೀತ್’ ಎಂದಿದ್ದರೆ ಸತ್ತದ್ದು ದನ, ಜನರಲ್ಲ. ಆದರೂ ಪಟ್ಟಿಯಲ್ಲಿ ಅದಕ್ಕೊಂದು ಅಂಕಣ ಬೇಕು, ಏಕೆಂದರೆ ಆ ಸಮಾಜದಲ್ಲಿ ಸಂಪತ್ತೆಂದರೆ ದನ. ‘ಕ್ರೆಖ್’ ಎಂದರೆ ದನ ಹೊಡೆದುಕೊಂಡು ಹೋಗುವ ದಾಳಿ. ಅದನ್ನು ಯುದ್ಧದ ಲೆಕ್ಕಕ್ಕೆ ಸೇರಿಸಿದರೆ ಪ್ರತಿ ವರ್ಷವೂ ಮಹಾಯುದ್ಧದಂತೆ ಕಾಣುತ್ತದೆ.

ಒಂದೇ ಸುದ್ದಿ ನಾಲ್ಕು ಕಡೆ ಸಿಕ್ಕಿತೆಂದು ನಾಲ್ಕು ಸಾಕ್ಷಿ ಎಣಿಸಬೇಡಿ. ನಾಲ್ವರು ಪಂಡಿತರ ಆನಲ್ಸ್ 1632–1636ರಲ್ಲಿ ಹಳೆಯ ಪುಸ್ತಕಗಳಿಂದ ಒಟ್ಟುಗೂಡಿಸಿದ್ದು. ಮಾತು ಮಾತಿಗೆ ಹೊಂದಿದರೆ ಅದು ನಕಲೆಂದೇ ಹಿಡಿಯಿರಿ.

ಸಾಲು ಚಿಕ್ಕದಿದ್ದ ಮಾತ್ರಕ್ಕೆ ಸಾವು ಕಡಿಮೆ ಎನ್ನಬೇಡಿ. 1349ರಲ್ಲಿ ಕೊನಾಕ್ಟ್ ಆನಲ್ಸ್ ಹೇಳುವುದು ಇಷ್ಟೇ: ಮೊಯ್‌ಲರ್ಗ್‌ನಲ್ಲೂ (ಕೊನಾಕ್ಟ್‌ನ ಒಂದು ಸೀಮೆ) ಐರ್ಲೆಂಡಿನಲ್ಲೆಲ್ಲ ದೊಡ್ಡ ಪಿಡುಗು, ಅದರಿಂದ ಒ ರುವರ್ಕ್ ಮನೆತನದ ಒಬ್ಬ ಸತ್ತ. ಹೆಸರು ಸಿಗುವುದು ದೊಡ್ಡಮನೆಯವರದು ಮಾತ್ರ. ಅದರ ಪಕ್ಕದಲ್ಲಿ ಕಿಲ್ಕೆನ್ನಿಯ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ ಜಾನ್ ಕ್ಲಿನ್ ಬರೆದದ್ದನ್ನಿಡಿ: 1348ರ ಕ್ರಿಸ್‌ಮಸ್‌ನೊಳಗೆ ದ್ರೋಗೆಡದಲ್ಲಿ ತನ್ನ ಪಂಥದ 25 ಮಂದಿ, ಡಬ್ಲಿನ್‌ನಲ್ಲಿ 23 ಮಂದಿ ಸತ್ತರೆನ್ನುತ್ತಾನೆ. ಡಬ್ಲಿನ್‌ನಲ್ಲಿ 14,000 ಸತ್ತರೆಂಬ ಅವನ ಇನ್ನೊಂದು ಅಂಕಿಗೆ ಅಷ್ಟು ತೂಕ ಕೊಡಲಾಗದು. ತನ್ನವರನ್ನು ಹೆಸರು ಹಿಡಿದು ಎಣಿಸಬಹುದಿತ್ತು, ಇಡೀ ಊರನ್ನು ಹೇಗೆ ಎಣಿಸಿಯಾನು?

ಕೊನೆಗೆ ಪಿಡುಗನ್ನೂ ಕಲಹವನ್ನೂ ಜೋಡಿಸುವುದು. ಒಂದೇ ದಶಕದಲ್ಲಿ ಎರಡೂ ಬಂದವೆಂಬುದು ಸಾಲದು, ವಂಶಾವಳಿ ಬಿಡಿಸಬೇಕು. ಆಯ್ದ್ ಸ್ಲಾನೆಯ ಮಕ್ಕಳಾದ ದಿಯರ್ಮತ್ ಮತ್ತು ಬ್ಲಾಥ್ಮಕ್ ತಾರಾದ (ಐರ್ಲೆಂಡಿನ ಹಿರಿಯ ಅರಸುತನದ ಪೀಠ) ಜಂಟಿ ಅರಸರು. 665ರಲ್ಲಿ ಪಿಡುಗು ಇಬ್ಬರನ್ನೂ ಒಯ್ದಿತು. ಬ್ಲಾಥ್ಮಕ್‌ನ ಮಗ ಸೆಖ್ನಸಖ್ ಪಟ್ಟಕ್ಕೆ ಬಂದ, 671ರ ಚಳಿಗಾಲದ ಮೊದಲಲ್ಲಿ ಕೊಲೆಯಾದ. ದಾಯಾದಿ ಜಗಳ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಕೊಂದವನು ಕೆನೆಲ್ ಕರ್ಪ್ರಿ ಕುಲದ ಅರಸ ದುವ್ ದೂನ್, ಬೇರೆ ಕವಲಿನವನು. ಮುಂದಿನ ಅರಸ, ಸೆಖ್ನಸಖ್‌ನ ಸಹೋದರ ಕೆನ್‌ಫೇಲದ್ 675ರಲ್ಲಿ ಬಿದ್ದದ್ದು ದೊಡ್ಡಪ್ಪ-ಚಿಕ್ಕಪ್ಪನ ಮಗ ಫಿನ್‌ಸ್ನೆಖ್ತನ ಕೈಯಲ್ಲಿ. ಪಿಡುಗಿನಿಂದ ತೆರವಾದ ಪಟ್ಟಕ್ಕಾಗಿ ಮನೆಯೊಳಗೇ ನಡೆದ ಕಾದಾಟ ಎಂಬ ಅಂಕಣಕ್ಕೆ 675ನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಹಾಕಬಹುದು. 671 ಅಲ್ಲಿ ನಿಲ್ಲುವುದಿಲ್ಲ.