ಕೈ ದದ್ದಿನ ಕಾರಣ ಕಡೆಗೂ ಸಿಕ್ಕಿದ್ದು ಹೇಗೆ: ನನ್ನ ಅನುಭವ

ಬೆರಳಸಂದಿಯಲ್ಲಿ ನೀರ್ಗುಳ್ಳೆಗಳಾಗಿ ಎದ್ದು, ಒಡೆದು, ಬಿರುಕು ಬಿಟ್ಟು, ಸ್ಟಿರಾಯ್ಡ್ ಮುಲಾಮಿಗೆ ಮಣಿದು, ಮುಲಾಮು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮರಳುವ ದದ್ದಿನ ಬಗ್ಗೆ ಅದನ್ನು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನ ಕೈಯಲ್ಲಿ ದದ್ದಿಲ್ಲ. ನನ್ನ ವಿಧಾನವನ್ನು ನೋಡಿ ನಕ್ಕವರೇ ಈಗ ವಿವರ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಣವೆಲ್ಲ ಹೋದದ್ದು ಟ್ಯೂಬುಗಳಿಗೆ. ಶಿಲೀಂಧ್ರನಾಶಕ ಕ್ರೀಮಿನಿಂದ ಏನೂ ಆಗಲಿಲ್ಲ. ಆಮೇಲೆ ಚರ್ಮದ ಹೊಟ್ಟನ್ನು ಕೆರೆದು ಪರೀಕ್ಷಿಸಿದಾಗ ಶಿಲೀಂಧ್ರವೇ ಕಾಣಲಿಲ್ಲ. ಅಲರ್ಜಿ ಮಾತ್ರೆಗಳು ನಿದ್ದೆ ತಂದವೇ ಹೊರತು ತುರಿಕೆಯನ್ನು ತಗ್ಗಿಸಲಿಲ್ಲ, ಏಕೆಂದರೆ ಸಂಪರ್ಕದಿಂದ ಬರುವ ಈ ಬಗೆಯ ದದ್ದಿನಲ್ಲಿ, ಆ ಮಾತ್ರೆಗಳು ತಡೆಯುವ ಹಿಸ್ಟಮಿನ್ ಎಂಬ ದೇಹದ ರಾಸಾಯನಿಕದ ಪಾತ್ರ ದೊಡ್ಡದಲ್ಲ. ಎಲ್ಲಕ್ಕಿಂತ ಹೆಚ್ಚು ಖರ್ಚಾದದ್ದು ‘ಸೂಕ್ಷ್ಮ ಚರ್ಮಕ್ಕಾಗಿ’ ಎಂದು ಬರೆದಿದ್ದ ಲೋಷನ್ನಿಗೆ, ಕೊನೆಗೆ ಸಿಕ್ಕಿಬಿದ್ದದ್ದೂ ಅದೇ.

ಬಹುಕಾಲದಿಂದ ಬಳಸುತ್ತಿರುವ ವಸ್ತುವಿಗೆ ಅಲರ್ಜಿ ಬರಲಾರದು ಎಂಬುದು ಎಲ್ಲರ ವಾದವಾಗಿತ್ತು. ಬರುತ್ತದೆ. ಅದೂ ಮುಟ್ಟಿ ಒಂದೆರಡು ದಿನ ಕಳೆದ ಮೇಲೆ ದದ್ದು ಏಳುವುದರಿಂದ ಅನುಮಾನವೆಲ್ಲ ಆ ಹೊತ್ತಿಗೆ ಕೈಯಲ್ಲಿದ್ದ ಬೇರಾವುದೋ ವಸ್ತುವಿನ ಮೇಲೆ ಹೋಗುತ್ತದೆ. ಆದ್ದರಿಂದ ನಾನು ಹಚ್ಚಿ ತೊಳೆಯದೆ ಬಿಡುವಂತಹ ವಸ್ತುಗಳನ್ನು ಒಂದೊಂದಾಗಿ ಮೊಣಕೈ ಒಳಮಡಿಕೆಯ ಬಳಿ, ನಾಣ್ಯದಷ್ಟು ಜಾಗದಲ್ಲಿ, ದಿನಕ್ಕೆರಡು ಬಾರಿ, ಎರಡು ವಾರಗಳವರೆಗೂ ಹಚ್ಚಿ ನೋಡಿದೆ. ಸಾಬೂನು, ಡಿಟರ್ಜೆಂಟ್‌ಗಳನ್ನು ಹೀಗೆ ಪರೀಕ್ಷಿಸಬಾರದು. ಅವು ಯಾರ ಚರ್ಮವನ್ನಾದರೂ ಕೆರಳಿಸುತ್ತವೆ. ಲೋಷನ್ ಹಚ್ಚಿದ ಜಾಗದಲ್ಲಿ ಐದಾರು ದಿನಕ್ಕೆ ರೋಮದ ಬುಡಗಳು ಕೆಂಪಾಗಿ ಉಬ್ಬಿದವು, ಮರುದಿನ ಅವೆಲ್ಲ ಕೂಡಿ ಒಂದೇ ತುರಿಕೆಯ ಪಟ್ಟೆಯಾಯಿತು.

ನಡುವೆ, ಲೋಹದ ವಸ್ತುಗಳಲ್ಲಿರುವ ನಿಕ್ಕಲ್‌ನ ಮೇಲೂ ಅನುಮಾನ ಬಂದು, ಅದನ್ನು ಪತ್ತೆಹಚ್ಚುವ ಡೈಮೀಥೈಲ್‌ಗ್ಲಯಾಕ್ಸಿಮ್ ದ್ರಾವಣ ತಂದು, ಹತ್ತಿಯಿಂದ ಕತ್ತರಿ, ಬೀಗದ ಕೈಗಳನ್ನೆಲ್ಲ ಒರೆಸಿದೆ. ನಿಕ್ಕಲ್ ಇದ್ದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೋಡುವುದು ಸೊಗಸೇ, ಆದರೆ ನನ್ನ ಅಲರ್ಜಿ ನಿಕ್ಕಲ್‌ನದ್ದಾಗಿರಲಿಲ್ಲ.

ಚರ್ಮರೋಗ ತಜ್ಞರು ಬೆನ್ನಿಗೆ ಪ್ಯಾಚ್ ಟೆಸ್ಟ್, ಅಂದರೆ ಅಲರ್ಜಿ ತರಬಲ್ಲ ಬೇರೆ ಬೇರೆ ವಸ್ತುಗಳಿರುವ ಪಟ್ಟಿಗಳನ್ನು ಅಂಟಿಸಿದರು. 48 ಗಂಟೆಗೆ ಬಿಚ್ಚಿದಾಗ ತುಸು ಕೆಂಪಿದ್ದ ಜಾಗ 96 ಗಂಟೆಯ ಹೊತ್ತಿಗೆ ಗುಳ್ಳೆಗಟ್ಟಿತ್ತು: ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕ, ಅಂದರೆ ಕೆಡದಂತೆ ಬೆರೆಸುವ ರಾಸಾಯನಿಕ. ಅದು ಆ ಲೋಷನ್ನಿನಲ್ಲಷ್ಟೇ ಅಲ್ಲ, ನಾನು ಬಳಸುತ್ತಿದ್ದ ಒದ್ದೆ ಟಿಶ್ಯೂಗಳಲ್ಲೂ ಇತ್ತು. ನೀರು ಬೆರೆತ ಗೋಡೆಬಣ್ಣಗಳಲ್ಲೂ ಅದು ಇರುತ್ತದೆ. ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ನನ್ನ ಕಣ್ರೆಪ್ಪೆ ಊದಿಕೊಂಡದ್ದರ ಗುಟ್ಟು ಆಗ ತಿಳಿಯಿತು.

ಆಮೇಲೆ ತಜ್ಞರು ಹೇಳಿದಂತೆ ರಾತ್ರಿ ಒಮ್ಮೆ ಪ್ರಬಲ ಸ್ಟಿರಾಯ್ಡ್ ಮುಲಾಮನ್ನು ಮೂರು ವಾರಗಳಷ್ಟು ಕಾಲ ಹಚ್ಚಿದೆ. ಬೆರಳ ತುದಿಯ ಗೆಣ್ಣಿನಷ್ಟು ಉದ್ದದ ಮುಲಾಮು, ಅಂದರೆ ಸುಮಾರು ಅರ್ಧ ಗ್ರಾಂ, ಒಂದು ಕೈಯ ಎರಡೂ ಬದಿಗೆ ಸಾಕು. ಹಗಲಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿ; ಅದರಲ್ಲಿ ನೀರೇ ಇಲ್ಲದ್ದರಿಂದ ಸಂರಕ್ಷಕ ಬೇಕಾಗುವುದಿಲ್ಲ, ಬೆಲೆಯೂ ಆ ಲೋಷನ್ನಿನ ಹತ್ತಿರ ಬರುವುದಿಲ್ಲ. ಚರ್ಮ ನೋಡಲು ಸರಿಹೋದ ಮೇಲೂ ಒಳಗಿನಿಂದ ಗಟ್ಟಿಯಾಗಲು ತಿಂಗಳುಗಳು ಬೇಕಾದ್ದರಿಂದ, ಒದ್ದೆ ಕೆಲಸಕ್ಕೆ ಹತ್ತಿಯ ಕೈಗವಸಿನ ಮೇಲೆ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು ಹಾಕುತ್ತಲೇ ಬಂದೆ. ಒಳಗಿನ ಹತ್ತಿ ಬೆವರಿನಿಂದ ಒದ್ದೆಯಾಗದಂತೆ ನೋಡಿಕೊಳ್ಳುವ ನನ್ನ ಉಪಾಯವೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ‘ಪರಿಮಳರಹಿತ’ ಎಂಬ ಬರಹ ಸಂರಕ್ಷಕದ ಬಗ್ಗೆ ಏನನ್ನೂ ಹೇಳುವುದಿಲ್ಲ, ತಯಾರಕರು ಘಟಕಾಂಶಗಳನ್ನು ಬದಲಿಸುವುದೂ ಉಂಟು. ಹಾಗಾಗಿ ಪರಿಚಿತ ಕ್ರೀಮಿನ ಹೊಸ ಡಬ್ಬಿಯೂ ಮೊದಲು ಮೊಣಕೈಗೆ, ಆಮೇಲೆ ಅಂಗೈಗೆ.