‘ಹಳೇ ಟೇಷನ್’ ಚರಿತ್ರೆಯನ್ನು ನಾನು ಹುಡುಕಿದ ಬಗೆ

ಬೆಂಗಳೂರಿನ ಕಡೆಯಿಂದ ಹರಿಹರದವರೆಗೆ 1889ರಲ್ಲಿ ಮೀಟರ್‌ಗೇಜ್ ಹಳಿ ಬಂದಾಗ ಅದರ ಅಂಚಿನಲ್ಲಿ ಹುಟ್ಟಿಕೊಂಡ ಕೆಲವು ನೆಲೆಗಳು ಇಂದು ಉಳಿದಿಲ್ಲ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಸುತ್ತಲಿನವರು ಈಗಲೂ ‘ಹಳೇ ಟೇಷನ್’ ಎನ್ನುವ ಅಂಥದೊಂದು ನೆಲೆಯ ಚರಿತ್ರೆ ಬರೆಯಲು ಹೊರಟಾಗ, ರೈಲ್ವೆ ಕಡತಗಳನ್ನು ಮೊದಲು ನೋಡುವಂತೆ ಹಲವರು ಹೇಳಿದರು. ನಾನು ಮೊದಲು ನೋಡಿದ್ದು ಬಾವಿಯನ್ನು.

ಉಗಿ ಎಂಜಿನ್ನಿನಲ್ಲಿ ಕಲ್ಲಿದ್ದಲಿಗಿಂತ ಮೊದಲು ನೀರು ಮುಗಿಯುತ್ತದೆ. ಆದ್ದರಿಂದ ಬಯಲುಸೀಮೆಯಲ್ಲಿ ನೀರು ಸಿಕ್ಕಲ್ಲಿ ಗಾಡಿ ನಿಂತಿತು, ಗಾಡಿ ನಿಂತಲ್ಲಿ ಹಳಿ ದುರಸ್ತಿ ನೋಡಿಕೊಳ್ಳುವ ಗ್ಯಾಂಗಿನವರ ಮನೆಗಳೂ ಅಂಗಡಿಗಳೂ ಎದ್ದವು. ಇಲ್ಲಿನ ಬಾವಿ ಊರ ಸೇದುವ ಬಾವಿಗಿಂತ ಬಹಳ ಅಗಲವಾಗಿದ್ದು, ಅದರ ಕಲ್ಲುಕಟ್ಟಡದಲ್ಲಿ ಬೀಡುಕಬ್ಬಿಣದ ಕೊಳವೆಯ ತುಂಡೊಂದು ಇನ್ನೂ ಚಾಚಿಕೊಂಡಿದೆ. ಅಲ್ಲಿಂದ ಹಳಿಯತ್ತ ಉತ್ತ ಹೊಲದಲ್ಲಿ ನಡೆದರೆ ಕಾಲಿಗೆ ಕಪ್ಪು ಕಿಟ್ಟ, ಅಂದರೆ ಕಲ್ಲಿದ್ದಲು ಉರಿದು ಉಳಿದ ಗಟ್ಟಿ, ಸಿಗುತ್ತದೆ. ಕೈಗೆತ್ತಿಕೊಂಡರೆ ಹಗುರ, ಮೈತುಂಬ ತೂತು. ಅದು ದಟ್ಟವಾಗಿರುವ ಕಡೆಯೇ ಎಂಜಿನ್ನಿನ ಒಲೆಯ ಬೂದಿ ಕೆದರಿ ಸುರಿದ ಜಾಗ.

ಆಮೇಲೆ ಕಾಗದಪತ್ರ. ಗ್ರಾಮ ನಕಾಶೆಯಲ್ಲಿ ಸಣ್ಣಗೆ ಸಾಗುವ ರೈಲ್ವೆ ಜಮೀನಿನ ಪಟ್ಟಿಯು, ಇಲಿ ನುಂಗಿದ ಹಾವಿನಂತೆ, ಬಾವಿಯ ಎದುರಿಗೆ ಉಬ್ಬಿಕೊಂಡಿತ್ತು. ಎರಡನೆಯ ಹಳಿಗೂ ಸರಕು ಇಳಿಸುವುದಕ್ಕೂ ಬಿಟ್ಟ ಜಾಗ ಅದು. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಡುವ ದಾಖಲೆಯಾದ ಆಕಾರಬಂದ್ ಪಕ್ಕದಲ್ಲಿಟ್ಟು ಸರ್ವೆ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಿದೆ.

ಹಿರಿಯರನ್ನು ಇಸವಿ ಕೇಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. “ಬ್ರಾಡ್‌ಗೇಜ್ ಆಗುವುದಕ್ಕೆ ಮುಂಚೆಯೋ, ಆಮೇಲೋ?” ಎಂದು ಕೇಳಿದರೆ ಉತ್ತರ ಸಲೀಸಾಗಿ ಬರುತ್ತದೆ. ಒಬ್ಬ ಅಜ್ಜಿ ಹೇಳಿದರು: “ಎಂಜಿನ್ ನೀರು ಕುಡಿಯೋ ಅಷ್ಟರಾಗೆ ಮಂಡಕ್ಕಿ, ಶೇಂಗಾ ಎಲ್ಲಾ ಮಾರಿ ಇಳೀತಿದ್ವಿ ನೋಡಪ್ಪ.” ನಿಲುಗಡೆ ಎಷ್ಟು ಹೊತ್ತಿನದೆಂದು ಇದಕ್ಕಿಂತ ಚೆನ್ನಾಗಿ ಯಾವ ವೇಳಾಪಟ್ಟಿಯೂ ನನಗೆ ತಿಳಿಸಲಿಲ್ಲ.

ಈ ನೆಲೆ ಒಮ್ಮೆಗೇ ಹಾಳಾದದ್ದಲ್ಲ. 1921ರಲ್ಲಿ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಹಳಿ ಬಿದ್ದ ಮೇಲೆ ವ್ಯಾಪಾರಸ್ಥರು ಜಂಕ್ಷನ್ನಿನ ಕಡೆ ಸರಿದರು. ಡೀಸೆಲ್ ಎಂಜಿನ್ ಬಂದು ಬಾವಿಯ ಕೆಲಸ ಮುಗಿಯಿತು. 1990ರ ದಶಕದಲ್ಲಿ ಹಳಿ ಅಗಲವಾದಾಗ ಉಳಿದಿದ್ದ ಗ್ಯಾಂಗಿನ ಮನೆಗಳೂ ಖಾಲಿಯಾದವು. ದಾವಣಗೆರೆಯ ಹತ್ತಿ ಮಿಲ್ಲುಗಳಿಗೆ ಕೂಲಿಗೆ ಹೋದವರ ಮಕ್ಕಳನ್ನು ಅಲ್ಲಿಯೇ ಕಂಡು ಮಾತಾಡಿಸಿದೆ. ಸಂತೆ ಸೇರುತ್ತಿದ್ದ ಜಾಗದ ಬಗ್ಗೆ ಇಬ್ಬರು ಹೇಳಿದ್ದು ಒಂದಕ್ಕೊಂದು ಹೊಂದುವುದಿಲ್ಲ. ಎರಡನ್ನೂ ಅವರವರ ಮಾತಿನಲ್ಲಿಯೇ, ಸರ್ವೆ ನಂಬರಿನ ಸಮೇತ ಬರೆದಿಟ್ಟಿದ್ದೇನೆ.